ನಲವತ್ತೇಳು ಪರ್ಸೆಂಟಿನ ಟೀಚರ್

ನಮ್ಮ ಕಡೆ ಒಬ್ಬ ಹುಡುಗಿ ಹೆಗಲಿಗೆ ಚೀಲ ಹಾಕಿಕೊಂಡು ಬೆಳಗಿನ ಬಸ್ಸಿಗೆ ನಿಂತರೆ ಸಾಕು, ಊರೇ ಅವಳಿಗೆ ಒಂದು ಹುದ್ದೆ ಕೊಟ್ಟುಬಿಡುತ್ತದೆ. ಕೈಗೆ ಚಾಕ್‌ಪೀಸಿನ ಪುಡಿ ಹತ್ತಿದ್ದರೆ ಟೀಚರ್. ಊರು ಕೊಟ್ಟ ಹುದ್ದೆಗೆ ಅಂಕಪಟ್ಟಿ ಬೇಡ, ಸರ್ಟಿಫಿಕೇಟೂ ಬೇಡ. ಆದರೆ ಸರ್ಕಾರ ಅವೆರಡನ್ನೂ ಕೇಳುತ್ತದೆ. ಊರಿನ ಮಾತಿಗೂ ಸರ್ಕಾರದ ಮಾತಿಗೂ ನಡುವೆ ಸಿಕ್ಕಿಕೊಂಡ ಒಂದು ಹೆಣ್ಣುಮಗಳ ಕಥೆ ಇದು.

ಹೊಸಬಾಳೆಯ ಕೆಂಪಪ್ಪನ ಮಗಳು ಕರುಣಾ ಬಿ.ಎ. ಮುಗಿಸಿ ಆನವಟ್ಟಿಯ ಒಂದು ಖಾಸಗಿ ಶಾಲೆ ಸೇರಿದ್ದಳು. ಆರನೇ ತರಗತಿಗೆ ಕನ್ನಡ ಮತ್ತು ಸಮಾಜ ಹೇಳುತ್ತಿದ್ದಳು. ಪಾಠ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಕ್ಕಳು ಆಟದ ಗಂಟೆ ಹೊಡೆದರೂ ಏಳದೆ, 'ಆಮೇಲೇನಾಯ್ತು ಮಿಸ್?' ಎಂದು ಕೇಳುತ್ತಿದ್ದವು.

ಕೆಂಪಪ್ಪನ ಸಂಭ್ರಮ ಕೇಳಬೇಡಿ. ಹೊಲದಲ್ಲಿ ಶುಂಠಿ ಕೀಳುವವರ ಎದುರು, ಸೊಸೈಟಿ ಕಟ್ಟೆಯ ಮೇಲೆ, ಎಲ್ಲಿ ಕುಳಿತರೂ ಮಗಳ ಮಾತೇ. ಸಂಜೆ ಅವಳು ಬಸ್ಸಿಳಿದು ಬಂದರೆ, "ಏ ಲೋಕೀ, ನಮ್ ಟೀಚರ್ ಬಂದ್ರು, ಟೀ ಇಡು" ಎಂದು ಹೆಂಡತಿಗೆ ಕೂಗಿ ಹೇಳುವನು. ಸ್ವಂತ ಮಗಳಿಗೆ ಬಹುವಚನ! ತಮಾಷೆಗೆಂದು ಶುರುವಾದದ್ದು ಬರಬರುತ್ತಾ ಅಭ್ಯಾಸವೇ ಆಗಿಹೋಗಿತ್ತು.

ಅಪ್ಪ ಹಾಗೆ ಕರೆದಾಗಲೆಲ್ಲ ಕರುಣಾ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಎಷ್ಟು ನಾಚಿಕೆ ನೋಡು ಎಂದು ಅವನು ನಗುತ್ತಿದ್ದ.

ಅದು ನಾಚಿಕೆಯಲ್ಲ, ಭಯ. ಶಾಲೆಯ ಲೆಕ್ಕದಲ್ಲಿ ಕರುಣಾ ಶಿಕ್ಷಕಿಯೇ ಆಗಿರಲಿಲ್ಲ. ಅವಳು ಬಿ.ಎಡ್. ಮಾಡಿರಲಿಲ್ಲ. ಬಿ.ಎಡ್.ಗೆ ಸೇರಲು ಪದವಿಯಲ್ಲಿ ಐವತ್ತು ಪರ್ಸೆಂಟ್ ಬೇಕು, ಅವಳದು ನಲವತ್ತೇಳು. ಎರಡನೇ ವರ್ಷ ಕಾಮಾಲೆ ಬಂದು ಮಲಗಿದ್ದಳು. ಎದ್ದು ಹೋಗಿ ಪರೀಕ್ಷೆಯನ್ನೇನೋ ಬರೆದಳು, ಹೇಗೋ ಪಾಸೂ ಆದಳು. ಆದರೆ ಆ ವರ್ಷದ ಅಂಕಗಳು ಒಟ್ಟು ಅಂಕವನ್ನು ಕೆಳಗೆ ಎಳೆದುಬಿಟ್ಟವು. ಕೊನೆಯ ವರ್ಷ ಎಷ್ಟೇ ಚೆನ್ನಾಗಿ ಬರೆದರೂ ಲೆಕ್ಕಕ್ಕೆ ಬರುವುದು ಎಲ್ಲ ವರ್ಷಗಳ ಮೊತ್ತ ತಾನೆ.

ಶಿಕಾರಿಪುರದ ಕಾಲೇಜಿನಲ್ಲಿ ಅವಳ ಜೊತೆ ಓದಿದ ಗೆಳತಿಯರೆಲ್ಲ ಬಿ.ಎಡ್. ಸೇರಿದರು. ಮಮತಾ ಎಂಬವಳು ಫೋನ್ ಮಾಡಿ, "ಅರ್ಜಿ ಹಾಕಿದ್ಯೇನೆ? ಇಬ್ರೂ ಒಂದೇ ರೂಮ್ ಮಾಡಣ" ಎಂದು ಕೇಳಿದ್ದಳು. ಕರುಣಾ, "ಅಪ್ಪ ಮುಂದಿನ್ ವರ್ಷ ಅಂದಾರೆ ಕಣೆ" ಎಂದು ಸುಳ್ಳು ಹೇಳಿದಳು. ಆಮೇಲೆ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಪಾಠಯೋಜನೆ, ಸೆಮಿನಾರು ಎಂದು ಮಾತು ಶುರುವಾಯಿತು. ಒಂದು ದಿನ ಅವಳು ಯಾರಿಗೂ ಹೇಳದೆ ಗುಂಪು ಬಿಟ್ಟಳು. ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ. ಯಾರಾದರೂ ಕೇಳುತ್ತಾರೇನೋ ಎಂದು ಆ ವಾರವೆಲ್ಲ ಫೋನ್ ನೋಡುತ್ತಿದ್ದಳು.

ಶಾಲೆಯಲ್ಲೂ ಅವಳು ಒಬ್ಬಳೇ. ಉಳಿದ ಟೀಚರುಗಳು ಕೆಟ್ಟವರೇನಲ್ಲ. ಆದರೆ ಊಟದ ಹೊತ್ತಿಗೆ ಅವರ ಮಾತೆಲ್ಲ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ, ನೇಮಕಾತಿ, ಯಾರಿಗೆ ಯಾವ ತಾಲ್ಲೂಕು ಸಿಕ್ಕಿತು ಎಂಬುದರ ಸುತ್ತಲೇ ಇರುತ್ತಿತ್ತು. ಕರುಣಾ ಬುತ್ತಿ ತೆಗೆದುಕೊಂಡು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದಳು. ಅವಳ ತರಗತಿಗೆ ಕಾಗದದ ಮೇಲೆ ಬೇರೊಬ್ಬರು ಶಿಕ್ಷಕಿ. ಪಾಠ ಇವಳದು, ಹೆಸರು ಅವರದು.

ಶಿಕ್ಷಣ ಇಲಾಖೆಯವರು ತಪಾಸಣೆಗೆ ಬರುವ ಸುದ್ದಿ ಬಂದರೆ ಶಾಲೆ ನಡೆಸುವವರು ಅವಳನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು: "ನಾಳೆ ನೀನು ಬರೋದ್ ಬೇಡಮ್ಮ. ರಜೆ ಅಂದ್ಕೋ."

ರಜೆ ಎಂದರೆ ಯಾರಿಗೆ ಬೇಡ? ಕರುಣಾಳಿಗೆ ಬೇಡವಾಗಿತ್ತು. ಮನೆಯಲ್ಲಿ ಉಳಿದರೆ ಅಪ್ಪ, 'ಯಾಕೆ ಟೀಚರೇ, ಶಾಲೆ ಇಲ್ವಾ?' ಎಂದು ಕೇಳುತ್ತಾನೆ. ಆನವಟ್ಟಿ ಪೇಟೆಯಲ್ಲಿ ನಿಂತರೆ ಮಕ್ಕಳ ತಾಯಂದಿರು ಕೇಳುತ್ತಾರೆ. ಅದಕ್ಕೇ ಅವಳು ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು, ಎಂದಿನ ಬಸ್ಸಿಗೇ ಹೊರಡುವಳು. ಆನವಟ್ಟಿಯಲ್ಲಿ ಇಳಿದು ಶಿರಾಳಕೊಪ್ಪದ ಬಸ್ಸು ಹಿಡಿದು, ಅಲ್ಲಿಂದ ಆಟೋ ಹತ್ತಿ ಬಂದಳಿಕೆಗೆ ಹೋಗುವಳು. ಅಲ್ಲಿ ಅವಳ ಗುರುತಿನವರು ಯಾರೂ ಇಲ್ಲ. ಹಳೆಯ ದೇವಸ್ಥಾನಗಳ ನೆರಳಲ್ಲಿ ಕುಳಿತರೆ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಸಂಜೆಯಾಗುವವರೆಗೆ ಕೂರುವಳು. ಮತ್ತೆ ಅದೇ ದಾರಿಯಲ್ಲಿ ತಿರುಗಿ ಬಂದು, "ನಮ್ ಟೀಚರ್ ಬಂದ್ರು" ಎಂಬ ಮಾತಿಗೆ ತಲೆ ತಗ್ಗಿಸಿ ಒಳಗೆ ಹೋಗುವಳು. ಅಳಬೇಕೆನಿಸಿದರೆ ಅಲ್ಲೇ ಅತ್ತು ಬರುತ್ತಿದ್ದಳು. ಮನೆಯಲ್ಲಿ ಅಳಲು ಕಾರಣ ಕೊಡಬೇಕಲ್ಲ.

ಅಂಥ ಒಂದು ದಿನ ಬಂದಳಿಕೆಯಲ್ಲಿ ಊರಿನ ಕೆಲವು ಹೆಣ್ಣುಮಕ್ಕಳು ವೀರಗಲ್ಲಿನ ಹತ್ತಿರ ಆಡುತ್ತಿದ್ದರು. ಅವರಲ್ಲೊಬ್ಬಳು ಕಲ್ಲಿನ ಮೇಲೆ ಕೆತ್ತಿದ್ದ ಮನುಷ್ಯನನ್ನು ತೋರಿಸಿ, "ಇವ್ನು ಯಾಕೆ ಮ್ಯಾಲೆ ಹಾರ್ತಾ ಇದಾನೆ?" ಎಂದು ಇನ್ನೊಬ್ಬಳನ್ನು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಕರುಣಾಳಿಗೆ ತಡೆಯಲಾಗಲಿಲ್ಲ.

"ಕೆಳಗಿಂದ ಓದ್ಬೇಕು ಅದನ್ನ" ಎನ್ನುತ್ತಾ ಎದ್ದು ಬಂದಳು. "ಕೆಳಗೆ ನೋಡಿ, ಯುದ್ಧ ನಡೀತಿದೆ. ಈತ ಸತ್ತ. ಮಧ್ಯದಲ್ಲಿ ನೋಡಿ, ದೇವಕನ್ಯೆಯರು ಕರ್ಕಂಡ್ ಹೋಗ್ತಿದಾರೆ. ಮೇಲೆ ಹೋದ ಮೇಲೆ ಏನಾಯ್ತು? ನೀವೇ ಹೇಳಿ."

"ದೇವ್ರತ್ರ ಕೂತ!" ಎಂದಳು ಒಬ್ಬಳು.

"ಸರಿ. ಇವ್ನು ರಾಜನಾ?"

"ಅಲ್ಲ, ಕಿರೀಟ ಇಲ್ಲ!"

"ಅಲ್ವಾ ಮತ್ತೆ! ಊರಿನ ದನ ಬಿಡ್ಸಕ್ಕೆ ಹೋಗಿ ಸತ್ತೋರಿಗೂ ಕಲ್ಲು ನಿಲ್ಸ್ತಿದ್ರು. ನಿಮ್ ಮನೆಯೋರಂಥ ಜನ."

ಹಿಂದಿನಿಂದ ಯಾರೋ, "ಬಾಳ ಚಂದ ಹೇಳಿದ್ರಿ" ಎಂದರು. ಕರುಣಾ ತಿರುಗಿ ನೋಡಿದಳು. ನಡುವಯಸ್ಸಿನ ಒಬ್ಬ ಮೇಡಂ ನಿಂತಿದ್ದರು. ಅವರ ಹಿಂದೆ ಒಂದೇ ಬಣ್ಣದ ಸೀರೆ ಉಟ್ಟ ಹುಡುಗಿಯರ ದಂಡು. ಶಿಕಾರಿಪುರದ ಬಿ.ಎಡ್. ಕಾಲೇಜೊಂದರಿಂದ ವಿದ್ಯಾರ್ಥಿನಿಯರನ್ನು ಪ್ರವಾಸ ಕರೆತಂದಿದ್ದ ಉಪನ್ಯಾಸಕಿ ರಮಾಬಾಯಿ ಅವರು.

"ಯಾವ ಶಾಲೆ ಟೀಚರ್ ರೀ ನೀವು?" ಎಂದು ರಮಾಬಾಯಿ ಕೇಳಿದರು.

ಎಷ್ಟು ಸರಳ ಪ್ರಶ್ನೆ! ಕರುಣಾ ಚೀಲ ಎತ್ತಿಕೊಂಡು ಹೊರಡಲು ನೋಡಿದಳು. ಅಷ್ಟರಲ್ಲಿ ದಂಡಿನಿಂದ ಒಬ್ಬಳು ಮುಂದೆ ಬಂದಳು. "ಕರುಣಾ! ನೀನಿಲ್ಲೇನ್ ಮಾಡ್ತಿದ್ಯೆ ಮಾರಾಯ್ತಿ?" ಅವಳು ಮಮತಾ.

ಕರುಣಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ರಮಾಬಾಯಿ ಹುಡುಗಿಯರನ್ನೆಲ್ಲ ದೇವಸ್ಥಾನದೊಳಗೆ ಕಳಿಸಿ, ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ತಪಾಸಣೆ, ಸುಳ್ಳು ರಜೆ, ಬುತ್ತಿ, ಎಲ್ಲವೂ ಹೊರಬಂತು. ಅದನ್ನೆಲ್ಲ ಅವಳು ಒಬ್ಬರೆದುರು ಹೇಳಿದ್ದು ಅದೇ ಮೊದಲು.

"ಡಿಗ್ರಿಯೊಳಗ ಎಷ್ಟಾಗೇತಿ?" ರಮಾಬಾಯಿ ಕೇಳಿದರು.

"ನಲವತ್ತೇಳು ಮೇಡಂ. ಐವತ್ತಿಲ್ಲ. ನನ್ ಹಣೆಬರಹ ಅಷ್ಟೇ."

"ಹಣೆಬರಹ ಆಮ್ಯಾಲೆ ನೋಡಣ. ಯಾವ ಕೆಟಗರಿ?"

ಕರುಣಾ ದೇವಸ್ಥಾನದ ಕಡೆ ನೋಡಿದಳು. ಮಮತಾ ದೂರದಲ್ಲಿದ್ದಳು. "ಎಲ್ಲಾ ಕಡೆ ಜನರಲ್ ಅಂತ ಬರೆಸಿದಾರೆ ಅಪ್ಪ" ಎಂದು ಸಣ್ಣ ದನಿಯಲ್ಲಿ ಹೇಳಿದಳು. "ಆದ್ರೆ ನಾವು ಎಸ್‌ಸಿ ಮೇಡಂ. ಮನೇಲಿ ಆ ಮಾತೇ ಎತ್ತೋ ಹಂಗಿಲ್ಲ. ಸ್ಕಾಲರ್‌ಶಿಪ್ಪೂ ತಗಳ್ಳಿಲ್ಲ, ಹಾಸ್ಟೆಲೂ ಬೇಡ ಅಂದ್ರು. ಜಾತಿ ಹೇಳಿ ಏನೂ ಇಸ್ಕಬಾರ್ದು ಅಂತ ಅಪ್ಪನ ಹಟ. ಜಾತಿ ಸರ್ಟಿಫಿಕೇಟೇ ಮಾಡ್ಸಿಲ್ಲ."

ರಮಾಬಾಯಿ ಅವಳ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಕೊಟ್ಟರು. "ಹುಚ್ಚಿ! ಕೈಯಾಗ ಬೆಣ್ಣೆ ಇಟ್ಕಂಡು ತುಪ್ಪಕ್ಕ ಅಳ್ತಾ ಕುಂತೀಯಲ್ಲ! ಐವತ್ತು ಬೇಕಾಗಿದ್ದು ಜನರಲ್‌ನೋರಿಗೆ. ಎಸ್‌ಸಿ, ಎಸ್‌ಟಿ, ಪ್ರವರ್ಗ ಒಂದು, ಅಂಗವಿಕಲರು, ಇವರಿಗೆಲ್ಲ ನಲವತ್ತೈದು ಸಾಕು. ನಿಂದು ನಲವತ್ತೇಳು ಐತಿ. ನೀ ಹೊರಗ ಕೂರೋಳಲ್ಲವ್ವಾ, ಅವತ್ತೇ ಒಳಗ ಇರಬೇಕಾಗಿದ್ದೋಳು."

ಕರುಣಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. "ಅಪ್ಪ ಒಪ್ಪಲ್ಲ ಮೇಡಂ" ಎಂದಳು.

"ಭಾನುವಾರ ನಾ ಬರ್ತೀನಿ. ನಿಮ್ಮಪ್ಪನ ಹಟ ಎಂಥದಂತ ನನಗೂ ಗೊತ್ತು. ನಮ್ಮಪ್ಪಂದೂ ಅದೇ ಇತ್ತು."

ಕರುಣಾ ತಲೆ ಎತ್ತಿ ಅವರ ಮುಖ ನೋಡಿದಳು. ರಮಾಬಾಯಿ ನಕ್ಕರು. "ಹೂಂ. ನಾನೂ ನಿಮ್ಮೋಳೇ. ನಲವತ್ತಾರು ಪರ್ಸೆಂಟಿಗೆ ಬಿ.ಎಡ್. ಸೇರಿದೋಳು."

ಭಾನುವಾರ ರಮಾಬಾಯಿ ಹೊಸಬಾಳೆಗೆ ಬಂದರು. ಕಾಲೇಜಿನ ಮೇಡಂ ಮನೆಗೆ ಬಂದದ್ದು ಕೆಂಪಪ್ಪನಿಗೆ ದೊಡ್ಡ ಹಬ್ಬ. ಹೊಸ ಚಾಪೆ ಹಾಸಿಸಿದ. ಲೋಕಮ್ಮ ಮಂಡಕ್ಕಿ ಒಗ್ಗರಣೆ ಮಾಡಿದಳು.

"ಬರ್ರಿ ಮೇಡಂ, ಕೂತ್ಕಳಿ. ನಮ್ ಟೀಚರ್ ಹೆಂಗ್ ಪಾಠ ಮಾಡ್ತಾರೆ ಅಂತ ನೋಡಕ್ ಬಂದ್ರಾ?" ಎಂದ ಕೆಂಪಪ್ಪ.

"ಪಾಠ ನೋಡೀನಿ. ಎಷ್ಟೋ ಜನ ಬಿ.ಎಡ್. ಮಾಡಿದೋರು ಹಂಗ ಹೇಳಲ್ಲ. ಆದ್ರ ಕರುಣಾ ಬಿ.ಎಡ್. ಮಾಡಬೇಕು ಕೆಂಪಪ್ಪಣ್ಣಾರೆ."

"ಈಗಾಗ್ಲೇ ಟೀಚರ್ ಆಗಿದಾರಲ್ಲ! ಇನ್ನೆಂಥ ಓದು?"

ರಮಾಬಾಯಿ ಕರುಣಾಳ ಕಡೆ ನೋಡಿದರು. ಹೇಳಬೇಕಾದವಳು ಅವಳೇ. ಕರುಣಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಪ್ಪಾ, ನಾ ಟೀಚರ್ ಅಲ್ಲ."

ಕೆಂಪಪ್ಪ ನಕ್ಕ. ಮಗಳ ಮುಖ ನೋಡಿದ ಮೇಲೆ ನಗು ನಿಲ್ಲಿಸಿದ.

"ಶಾಲೆ ಲೆಕ್ಕದಲ್ಲಿ ನಾ ಬರೀ ಸಹಾಯಕಿ. ತಪಾಸಣೆ ಬಂದ್ರೆ ನಂಗೆ ಬರಬೇಡ ಅಂತಾರೆ. ನಿಂಗ್ ಗೊತ್ತಾಗ್ಬಾರ್ದು ಅಂತ ಬುತ್ತಿ ತಗಂಡು ಎಲ್ಲೆಲ್ಲೋ ಹೋಗಿ ಕೂತಿದ್ದು ಬರ್ತೀನಿ."

ಲೋಕಮ್ಮನ ಕೈಯಲ್ಲಿದ್ದ ಟೀ ಲೋಟ ಹಾಗೇ ಉಳಿಯಿತು. ರಮಾಬಾಯಿ ಮೆಲ್ಲಗೆ ನಲವತ್ತೈದರ ವಿಷಯ ಹೇಳಿದರು. ಜಾತಿ ಪ್ರಮಾಣಪತ್ರ ಬೇಕು, ಆನವಟ್ಟಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರಾಯಿತು, ಬಿ.ಎಡ್. ಪ್ರಕಟಣೆ ಹೊರಡುವುದರೊಳಗೆ ಅದು ಕೈಗೆ ಬಂದಿರಬೇಕು ಎಂದು ಬಿಡಿಸಿ ಹೇಳಿದರು.

"ಅದೊಂದ್ ಬಿಟ್ ಬೇರೆ ಏನಾರ ಹೇಳಿ" ಎಂದ ಕೆಂಪಪ್ಪ. "ನಾನು ಕೈಲಾದಷ್ಟು ದುಡಿದು ಓದ್ಸಿದೀನಿ. ಯಾರತ್ರನೂ ಜಾತಿ ಹೇಳಿ ಕೈ ಒಡ್ಡಿಲ್ಲ. ಕಮ್ಮಿ ಅಂಕಕ್ಕೆ ಸೀಟ್ ಸಿಕ್ತು ಅಂತ ಜನ ನಮ್ ಹುಡುಗೀನ ಆಡ್ಕಳಲ್ವಾ?"

"ಆಡ್ಕಂತಾರ. ನನಗೂ ಆಡ್ಕಂಡ್ರು" ಎಂದರು ರಮಾಬಾಯಿ. "ಆದ್ರ ಕೇಳ್ರಿ. ಐದು ಪರ್ಸೆಂಟ್ ಸಡಿಲ ಸಿಗೋದು ಸೇರಕ್ಕ ಅಷ್ಟೇ. ಒಳಗ ಹೋದ ಮ್ಯಾಲೆ ಎಲ್ಲಾರಿಗೂ ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆ, ಪಾಸಾಗಕ್ಕ ಅದೇ ಅಂಕ. ನನ್ನ ಬಿ.ಎಡ್. ಸರ್ಟಿಫಿಕೇಟಿಗೆ ಐದು ಪರ್ಸೆಂಟ್ ಕಮ್ಮಿ ಬೆಲೆ ಅಂತ ಯಾರೂ ಹೇಳಿಲ್ಲ. ಇದು ಕೈ ಒಡ್ಡೋದಲ್ರಿ, ಹಕ್ಕು."

"ಹಕ್ಕೋ ಗಿಕ್ಕೋ. ನಿಮಗ್ ಗೊತ್ತಿಲ್ಲ ಮೇಡಂ."

"ಏನ್ ಗೊತ್ತಿಲ್ಲ, ಹೇಳ್ರಿ."

ಕೆಂಪಪ್ಪ ಎದ್ದು ಬಾಗಿಲಾಚೆ ಹೋದ. ಹೋಗಿಯೇ ಬಿಟ್ಟ ಎಂದುಕೊಂಡರು ಎಲ್ಲರೂ. ಅವನು ಹೊಸ್ತಿಲಾಚೆ ಬೆನ್ನು ತೋರಿಸಿಕೊಂಡು ನಿಂತು ಮಾತಾಡಿದ. ಮುಖ ತೋರಿಸಿ ಹೇಳಲು ಅವನಿಂದ ಆಗಲಿಲ್ಲ.

"ನಾ ಐದ್ನೇ ಕ್ಲಾಸಲ್ಲಿದ್ದಾಗ ಬಟ್ಟೆ, ಪುಸ್ತಕ ಕೊಡಕ್ ಬಂದಿದ್ರು. ಮೇಷ್ಟ್ರು ನಮ್ ಜಾತಿ ಹೆಸ್ರು ಹೇಳಿ, 'ಎದ್ ನಿಂತ್ಕಳ್ರೋ' ಅಂದ್ರು. ನಿಂತ್ಕಂಡೆ. 'ಇವ್ರ ಭಾಗ್ಯ ನೋಡ್ರೋ, ಓದಿದ್ರೂ ಬಟ್ಟೆ, ಓದದಿದ್ರೂ ಬಟ್ಟೆ' ಅಂದ್ರು. ಎಲ್ಲಾ ನಕ್ರು. ನನ್ ಪಕ್ಕ ಕೂತಿದ್ದ ನನ್ ದೋಸ್ತನೂ ನಕ್ಕ. ನಾ ಕ್ಲಾಸಿಗೇ ಫಸ್ಟ್ ಇದ್ದೆ ಮೇಡಂ, ಓದ್ತಿದ್ದೆ. ಆ ಬಟ್ಟೇನ ದಾರೀಲಿ ಕೆರೆಗೆ ಹಾಕಿ ಮನಿಗ್ ಬಂದೆ. ಮುಂದಿನ್ ವರ್ಷ ಶಾಲೆ ಬಿಟ್ಟೆ. ನನ್ ಮಗಳನ್ನ ಯಾರೂ ಹಂಗ್ ಎದ್ ನಿಲ್ಲುಸ್ಬಾರ್ದು ಅಂತ…"

ಇಷ್ಟು ವರ್ಷ ಒಟ್ಟಿಗೆ ಬಾಳಿದ ಲೋಕಮ್ಮನಿಗೂ ಇದು ಗೊತ್ತಿರಲಿಲ್ಲ. ಅವಳು ಲೋಟ ಕೆಳಗಿಟ್ಟು ಹೊಸ್ತಿಲ ಹತ್ತಿರ ಬಂದಳು. ಮೊದಲು ಅವಳಿಗೂ ಅಳು ಬಂತು, ಆಮೇಲೆ ಸಿಟ್ಟು.

"ಅಲ್ಲಾ, ನನ್ನತ್ರನಾದ್ರೂ ಹೇಳ್ಬೌದಿತ್ತಲ್ಲ! ಒಬ್ರೇ ನುಂಗ್ಕಂಡ್ ಕೂತ್ರಿ. ನೋಡಿ ಈಗ, ಮಗಳೂ ನಿಮ್ ಥರನೇ ಆದ್ಲು. ನಿಮ್ಮನ್ನ ಯಾರೋ ಒಂದಿನ ಎದ್ದು ನಿಲ್ಸಿದ್ರು. ಇವ್ಳು ಯಾರೂ ನೋಡ್ಬಾರ್ದು ಅಂತ ದಿನಾ ಬಚ್ಚಿಟ್ಕಂಡ್ ಓಡಾಡ್ತಾ ಇದಾಳೆ. ಅವಮಾನ ಮಾಡಿದ್ದು ಆ ಮೇಷ್ಟ್ರು. ಅವ್ರ ತಪ್ಪಿಗೆ ನನ್ ಮಗಳು ಯಾಕ್ ದಂಡ ಕಟ್ಬೇಕು?"

ಕೆಂಪಪ್ಪ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋದ. ರಮಾಬಾಯಿ ಸಂಜೆಯ ಬಸ್ಸಿಗೆ ಹೊರಡುವವರೆಗೂ ತಿರುಗಿ ಬರಲಿಲ್ಲ. ಹೋಗುವ ಮುಂಚೆ ಅವರು ಲೋಕಮ್ಮನಿಗೆ, "ಒತ್ತಾಯ ಮಾಡಬ್ಯಾಡ್ರಿ. ಅವರು ತಾವಾಗೇ ಬರಬೇಕು" ಎಂದರು.

ಆ ವಾರವಿಡೀ ಮನೆಯಲ್ಲಿ ಅಗತ್ಯಕ್ಕೆ ಬೇಕಾದಷ್ಟೇ ಮಾತು. ಸಂಜೆ ಕರುಣಾ ಬಂದರೆ 'ಟೀಚರ್ ಬಂದ್ರು' ಎಂಬ ಕೂಗಿಲ್ಲ. ಆ ಮಾತಿಗೆ ಅಷ್ಟು ಹೆದರುತ್ತಿದ್ದವಳಿಗೆ ಈಗ ಅದು ಕೇಳದೆ ಮನೆ ಬಿಕೋ ಎನ್ನುತ್ತಿತ್ತು. ಹೇಳಿ ತಪ್ಪು ಮಾಡಿದೆನೇನೋ ಎಂದು ಅವಳಿಗೆ ಅನಿಸಿತು. ಅಪ್ಪ ಒಂದು ಮೂಲೆ, ಅವಳು ಒಂದು ಮೂಲೆ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಒಂಟಿ.

ಒಂದು ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಕೆಂಪಪ್ಪ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಆಧಾರ್ ತಗಂಡ್ಯಾ? ನಿನ್ ಟಿಸಿ, ಮಾರ್ಕ್ಸ್ ಕಾರ್ಡು?"

"ಎಲ್ಲಿಗಪ್ಪಾ?"

"ನಾಡಕಚೇರಿಗೆ. ನನ್ ಶಾಲೆ ದಾಖಲೆನೂ ಬೇಕಂತೆ. ನಿನ್ನೆ ಹೋಗಿ ಬರೆಸ್ಕಂಡ್ ಬಂದೀನಿ."

ತಾನು ಬಿಟ್ಟು ಬಂದ ಶಾಲೆಗೆ ಅವನು ಮತ್ತೆ ಕಾಲಿಟ್ಟದ್ದು ಹಿಂದಿನ ದಿನವೇ. ಅಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆನವಟ್ಟಿಯ ನಾಡಕಚೇರಿಯಲ್ಲಿ ಉದ್ದದ ಸಾಲಿತ್ತು. ಅವರ ಹಿಂದೆಯೇ ಊರಿನ ಅಡಿಕೆ ಬೆಳೆಗಾರ ಕಮಲಾಕರ ಭಟ್ಟರು ಪಹಣಿ ತಿದ್ದುಪಡಿಗೆಂದು ನಿಂತಿದ್ದರು. ಅವರನ್ನು ಕಂಡ ಕೆಂಪಪ್ಪ ಕೈಯಲ್ಲಿದ್ದ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಕರುಣಾ ಅದನ್ನು ನೋಡಿದಳು. 'ನಾಳೆ ಬರೋಣ ಅಪ್ಪಾ' ಎನ್ನಬೇಕೆನಿಸಿತು. ಹೇಳಲಿಲ್ಲ.

ಅವರ ಸರದಿ ಬಂತು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಕಾಗದ ತಿರುವಿ ಹಾಕಿ, ತಲೆ ಎತ್ತದೆ, ಎಲ್ಲರಿಗೂ ಕೇಳುವಂತೆ ಕೇಳಿದಳು. "ಜಾತಿ ಯಾವುದ್ರೀ?"

ಉತ್ತರಕ್ಕೆ ಕಾದು ಹುಡುಗಿ ತಲೆ ಎತ್ತಿದಳು. ಸಾಲಿನಲ್ಲಿ ಯಾರೋ ಕೆಮ್ಮಿದರು. ಕರುಣಾ ಅಪ್ಪನ ಕೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಹಿಡಿದದ್ದು ಬಿಟ್ಟರೆ ಇದೇ.

"ಆದಿ ಕರ್ನಾಟಕ" ಎಂದ ಕೆಂಪಪ್ಪ. ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದ.

ಯಾರೂ ನಗಲಿಲ್ಲ. ಹುಡುಗಿ ಟೈಪ್ ಮಾಡಿಕೊಂಡಳು. "ಯಾವ ಉದ್ದೇಶಕ್ಕೆ?"

"ನನ್ ಮಗಳು ಬಿ.ಎಡ್. ಮಾಡ್ಬೇಕು. ಟೀಚರ್ ಆಗ್ಬೇಕು."

ಹಿಂದಿನಿಂದ ಕಮಲಾಕರ ಭಟ್ಟರು, "ಕೆಂಪಪ್ಪ, ಸ್ವಲ್ಪ ಬೇಗ ಮುಗಿಸಾ. ಹನ್ನೊಂದರ ಬಸ್ ತಪ್ತದೆ ನಂಗೆ" ಎಂದರು. ಇಷ್ಟು ವರ್ಷ ಕೆಂಪಪ್ಪ ಹೆದರಿದ್ದಕ್ಕೆ ಊರು ಕೊಟ್ಟ ಉತ್ತರ ಅಷ್ಟೇ.

ಕೆಲಸ ಮುಗಿಸಿ ಇಬ್ಬರೂ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತರು. ಹೊಸಬಾಳೆಯ ಬಸ್ಸು ಇನ್ನೂ ಬಂದಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೆಂಪಪ್ಪ ಕೇಳಿದ.

"ಶಾಲೆಗೆ ಬರಬೇಡ ಅಂದಿದ್ ದಿನ ಎಲ್ಲಿಗ್ ಹೋಗ್ತಿದ್ದೆ?"

"ಬಂದಳಿಕೆಗೆ."

"ಅಷ್ಟ್ ದೂರ? ಒಬ್ಳೇ?"

"ಒಬ್ಳೇ."

"ಊಟ?"

"ಅಲ್ಲೇ. ಅವ್ವ ಕಟ್ಟಿದ್ ಬುತ್ತಿ."

ಕೆಂಪಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಎದುರಿನ ಬಸ್ಸಿನಿಂದ ಜನ ಇಳಿದರು, ಹತ್ತಿದರು, ಬಸ್ಸು ಹೋಯಿತು.

"ಮನಿಗ್ ಬರಬೌದಿತ್ತಲ್ಲೇ ಮಗಾ" ಎಂದ.

ಓದುವವರೇ, ಕೇಳುವವರೇ, ಕರುಣಾ ಈಗ ಅರ್ಜಿ ಹಾಕಿದ್ದಾಳೆ. ಸೀಟು ಸಿಗುತ್ತದೋ ಇಲ್ಲವೋ ಎಂಬುದನ್ನು ಆಯ್ಕೆ ಪಟ್ಟಿ ಹೇಳಬೇಕು. ಅರ್ಹತೆ ಬೇರೆ, ಸೀಟು ಬೇರೆ. ಆದರೆ ಅರ್ಹತೆಯೇ ಇಲ್ಲವೆಂದುಕೊಂಡು ಎರಡು ವರ್ಷ ಕಲ್ಲಿನ ನೆರಳಲ್ಲಿ ಕುಳಿತು ಅತ್ತಳಲ್ಲ, ಆ ಅಳುವಿನ ಅಗತ್ಯವೇ ಇರಲಿಲ್ಲ. ಅದಕ್ಕೇ ನಮಗೆ ಸಿಟ್ಟು, ಅದಕ್ಕೇ ಈ ಕಥೆ.

ನಿಮ್ಮ ಮನೆಯಲ್ಲಿ ಶಿಕ್ಷಕರಾಗಬೇಕೆನ್ನುವ ಮಕ್ಕಳಿದ್ದರೆ ಇಷ್ಟು ತಿಳಿದಿರಲಿ. ಪಿಯುಸಿ ಆದ ಮೇಲೆ ಡಿ.ಎಲ್.ಎಡ್. ಎಂಬ ಎರಡು ವರ್ಷದ ಶಿಕ್ಷಕ ತರಬೇತಿ ಮಾಡಿದರೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಕಲಿಸಬಹುದು. ಅದಕ್ಕೆ ಪಿಯುಸಿಯಲ್ಲಿ ಐವತ್ತು ಪರ್ಸೆಂಟ್ ಬೇಕು. ಅದಕ್ಕೂ ಮೇಲಿನ ತರಗತಿಗಳಿಗೆ ಬಿ.ಎಡ್. ಬೇಕು, ಅದಕ್ಕೆ ಪದವಿಯಲ್ಲಿ ಐವತ್ತು. ರಮಾಬಾಯಿ ಹೆಸರಿಸಿದ ವರ್ಗದವರಿಗೆ ಎರಡರಲ್ಲೂ ನಲವತ್ತೈದು ಸಾಕು. ಹಿಂದುಳಿದ ವರ್ಗವೆಂದ ಮಾತ್ರಕ್ಕೆ ಎಲ್ಲರಿಗೂ ಈ ಸಡಿಲ ಸಿಗುವುದಿಲ್ಲ, 2ಎ, 3ಬಿ ಮುಂತಾದವರಿಗೆ ಐವತ್ತೇ. ನಲವತ್ತೊಂಬತ್ತೂವರೆ ಬಂದರೆ ಐವತ್ತು ಎಂದು ಯಾರೂ ತಿಳಿಯಬೇಡಿ. ಪದವಿಯಲ್ಲಿ ಕಡಿಮೆ ಬಂದವರು ಎಂ.ಎ. ಅಥವಾ ಎಂ.ಎಸ್ಸಿ.ಯಲ್ಲಿ ಐವತ್ತು ತೆಗೆದರೂ ಬಿ.ಎಡ್.ಗೆ ದಾರಿ ಇದೆ. ಆಮೇಲೆ ಒಂದರಿಂದ ಎಂಟನೇ ತರಗತಿವರೆಗೆ ಕಲಿಸಬೇಕೆಂದರೆ ಟಿಇಟಿ ಪಾಸಾಗಬೇಕು. ಸಾಮಾನ್ಯವಾಗಿ ಅದಕ್ಕೆ ಅರವತ್ತು, ಅದೇ ಸಡಿಲದ ವರ್ಗದವರಿಗೆ ಐವತ್ತೈದು. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆ ವರ್ಷದ ಪ್ರಕಟಣೆಯನ್ನು ನೀವೇ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಕಾಲೇಜಿಗೆ ಹೋಗದೆಯೇ ಸರ್ಟಿಫಿಕೇಟು ತರಿಸಿಕೊಡುತ್ತೇನೆ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಜಾತಿ ಪ್ರಮಾಣಪತ್ರವನ್ನು ಕೊನೆ ಗಳಿಗೆಗೆ ಬಿಡದೆ ಮೊದಲೇ ಮಾಡಿಸಿ. ಅದು ನಿಮ್ಮ ಹಕ್ಕು, ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಯಾವ ಕಚೇರಿಗೂ ಹೋಗಬೇಕಿಲ್ಲ. ಇವತ್ತು ಸಂಜೆ ಮಗಳು ಬಸ್ಸಿಳಿದು ಬಂದಾಗ ಪಕ್ಕ ಕೂರಿಸಿಕೊಳ್ಳಿ. ನಿನಗೆ ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಇವತ್ತು ನೀನು ಎಲ್ಲಿದ್ದೆ ಮಗಾ ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.